ಸಾಗಟಕ್: ಒಂದು ಸರೋವರತೀರದ ಊರಿನ ಆತಿಥ್ಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ, ಕಂಡವರಿಗೆ ಸಮುದ್ರಗಳೆಂದೇ ಭ್ರಮೆ ಹುಟ್ಟಿಸುವ ಐದು ಮಹಾಸರೋವರಗಳಿರುವುವು. ಅವುಗಳಲ್ಲಿ ಮಿಷಿಗನ್ ಸರೋವರವೊಂದೇ ಸುಮಾರು ೫೮,೦೦೦ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದುದು. ಇದರ ಪೂರ್ವತೀರದಲ್ಲಿ ಕಲಮಜೂ ಎಂಬ ನದಿಯು ಸರೋವರವನ್ನು ಸೇರುವುದಕ್ಕೆ ಮುಂಚೆ ಅಗಲವಾಗಿ ಹರಡಿಕೊಂಡು, ಒಂದು ಕೆರೆಯಂತೆ ನಿಂತು, ಮುಂದೆ ಮರಳುದಿಣ್ಣೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಆ ಕೆರೆಯ ಎರಡು ದಡಗಳಲ್ಲಿ ಸಾಗಟಕ್, ಡಗ್ಲಸ್ ಎಂಬ ಎರಡು ಪುಟ್ಟ ಊರುಗಳಿವೆ. ೨೦೨೦ರ ಜನಗಣತಿಯಲ್ಲಿ ಎರಡರ ಜನಸಂಖ್ಯೆಯೂ ಸೇರಿ ಎರಡೂವರೆ ಸಾವಿರವನ್ನು ಮುಟ್ಟಲಿಲ್ಲ.

ಊರು ಸಣ್ಣದಾದರೂ ಹೆಸರು ದೊಡ್ಡದು. ಗಂಡಸರನ್ನು ಪ್ರೀತಿಸುವ ಗಂಡಸರೂ ಹೆಂಗಸರನ್ನು ಪ್ರೀತಿಸುವ ಹೆಂಗಸರೂ, ಎಂದರೆ ಸಲಿಂಗಾನುರಾಗಿಗಳು, ಬೇಸಗೆಯ ನಾಲ್ಕು ದಿನಗಳನ್ನು ಅಂಜಿಕೆಯಿಲ್ಲದೆ ಕಳೆಯಬಹುದಾದ ಸ್ಥಳವೆಂದು ಅಮೆರಿಕದ ಮಧ್ಯಪಶ್ಚಿಮ ಪ್ರಾಂತದಲ್ಲೆಲ್ಲ ಇದು ಬಹುಕಾಲದಿಂದ ಪ್ರಸಿದ್ಧವಾಗಿದೆ. ಈ ಪ್ರಸಿದ್ಧಿ ಇಲ್ಲಿಗೆ ಹೇಗೆ ಬಂದಿತೆಂಬುದು ವಿಚಾರ ಮಾಡತಕ್ಕ ಸಂಗತಿ. ಇಲ್ಲಿ ವಿಶ್ವವಿದ್ಯಾನಿಲಯವಿರಲಿಲ್ಲ, ಸುಧಾರಕರ ಮಠವಾವುದೂ ಇರಲಿಲ್ಲ. ಉತ್ತರಕ್ಕೆ ಹದಿನೆಂಟು ಕಿಲೋಮೀಟರುಗಳ ಆಸುಪಾಸಿನಲ್ಲಿ ಹಾಲೆಂಡ್ ಎಂಬ ಪಟ್ಟಣವಿದೆ. ಅದನ್ನು ೧೮೪೭ರಲ್ಲಿ ಸ್ಥಾಪಿಸಿದವರು ಕಟ್ಟುನಿಟ್ಟಾದ ಮತನಿಷ್ಠೆಯ ಡಚ್ಚರು. ಅವರ ವಂಶಸ್ಥರ ಇಗರ್ಜಿಗಳೇ ಆ ಸೀಮೆಯ ನಡೆನುಡಿಗಳಿಗೆ ಬಹುಕಾಲ ಮೇಲ್ಪಂಕ್ತಿಯಾಗಿದ್ದುವು. ಇಂತಹ ನೆರೆಯಲ್ಲಿ ಇಂತಹ ಆತಿಥ್ಯವು ಬೆಳೆದುದಕ್ಕೆ ಕಾರಣವನ್ನು ಹುಡುಕಿದರೆ, ಆ ಊರಿನ ಮರ, ಮರಳು, ನಷ್ಟಗಳ ಕಥೆಯಿಂದಲೇ ಪ್ರಾರಂಭಿಸಬೇಕಾಗುವುದು.

ಈ ನೆಲವು ಪೊಟವಾಟಮಿ ಮೊದಲಾದ ಮೂಲನಿವಾಸಿ ಜನಾಂಗಗಳದು. ೧೮೨೧ರ ಷಿಕಾಗೋ ಒಪ್ಪಂದದಿಂದ ಅದು ಅವರ ಕೈತಪ್ಪಿತು. ೧೮೩೦ರಲ್ಲಿ ವಿಲಿಯಂ ಬಟ್ಲರ್ ಎಂಬಾತನು ಬಂದು ನೆಲಸಿದನು. ಅಲ್ಲಿಂದ ಬಿಳಿಯರ ಊರು ಮೊದಲಾಯಿತು. ೧೮೩೬ರಲ್ಲಿ ನದೀಮುಖದ ಬಳಿ ಇನ್ನೊಂದು ಊರು ಹುಟ್ಟಿತು. ಅದನ್ನು ಹುಟ್ಟಿಸಿದವರು ಅದಕ್ಕೆ ಸಿಂಗಪೂರವೆಂದು ಹೆಸರಿಟ್ಟರು. ಏಷ್ಯಾಖಂಡದ ದೊಡ್ಡ ರೇವಿನ ಹೆಸರನ್ನು ಎರವಲು ತಂದವರ ಆಸೆ ಎಷ್ಟಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಸುತ್ತಲೂ ಬೆಳೆದಿದ್ದ ಕಾಡನ್ನು ಕಡಿದು, ಹಲಗೆ ಕೊಯ್ದು, ಹಡಗುಗಳಲ್ಲಿ ತುಂಬಿ ಷಿಕಾಗೋ ನಗರಕ್ಕೆ ಕಳುಹಿಸುವುದೇ ಈ ಊರುಗಳ ಉದ್ಯಮ. ೧೮೭೧ರ ಅಕ್ಟೋಬರಿನಲ್ಲಿ ಷಿಕಾಗೋ ನಗರ ಸುಟ್ಟುಹೋಯಿತು; ಅದೇ ದಿನಗಳಲ್ಲಿ ಹಾಲೆಂಡ್ ಪಟ್ಟಣವೂ ಬೆಂದಿತು. ಎರಡನ್ನೂ ಮತ್ತೆ ಕಟ್ಟಲು ಮರ ಬೇಕಾಯಿತು. ನಾಲ್ಕು ವರ್ಷಗಳೊಳಗೆ ಕಾಡು ಮುಗಿಯಿತು, ೧೮೭೫ರ ಹೊತ್ತಿಗೆ ಸಿಂಗಪೂರದ ಕಾರ್ಖಾನೆಗಳು ನಿಂತುವು. ಬೇರು ಹಿಡಿದಿದ್ದ ಮರಗಳು ಹೋದ ಮೇಲೆ ಮರಳನ್ನು ತಡೆಯುವವರಿಲ್ಲ. ಸರೋವರದ ಗಾಳಿಗೆ ದಿಣ್ಣೆಗಳು ಸರಿದು ಬಂದು ಉಳಿದ ಮನೆಗಳನ್ನು ನುಂಗಿದುವು. ಇಂದು ಸಿಂಗಪೂರವು ಮರಳಿನ ಕೆಳಗೆ ಇದೆ.

ಸಾಗಟಕ್ ಒಳನಾಡಿನ ಕಡೆಗೆ ಇದ್ದುದರಿಂದ ಉಳಿಯಿತು. ಆದರೆ ಬದುಕುವುದೇನನ್ನು ನೆಚ್ಚಿ? ಸುತ್ತಲ ಹೊಲಗಳಲ್ಲಿ ಪೀಚ್ ಹಣ್ಣಿನ ತೋಟಗಳೆದ್ದುವು. ಹಣ್ಣು ತುಂಬಿಕೊಂಡ ಹಡಗುಗಳು ಷಿಕಾಗೋ ನಗರಕ್ಕೆ ಹೋಗಿ, ಬರುವಾಗ ಜನರನ್ನು ಕರೆತಂದುವು. ನಗರದ ಹೊಗೆ, ಸೆಕೆ, ಗದ್ದಲಗಳಿಂದ ತಪ್ಪಿಸಿಕೊಳ್ಳಬೇಕೆಂಬವರಿಗೆ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಮರಳುದಿಣ್ಣೆ. ಒಕ್ಕಲಿಗರ ಮನೆಗಳ ಮಾಳಿಗೆಯ ಕೋಣೆಗಳು ಬಾಡಿಗೆಗೆ ಹೋದುವು, ಊಟ ಹಾಕುವ ಮನೆಗಳು ಹೆಚ್ಚಿದುವು, ಹೋಟೆಲುಗಳು ಬಂದುವು. ೧೯೦೯ರಲ್ಲಿ ನದಿಯ ದಡದ ಮೇಲೆ ಒಂದು ಬೃಹತ್ತಾದ ನೃತ್ಯಶಾಲೆಯನ್ನು ಕಟ್ಟಿದರು. ಕೆಂಪು ಬಣ್ಣದ, ಸಹಸ್ರಾರು ವಿದ್ಯುದ್ದೀಪಗಳ ಆ ದೊಡ್ಡ ಮಂಟಪದಲ್ಲಿ ವಾದ್ಯಮೇಳ, ಕುಣಿತ, ಚಲಚ್ಚಿತ್ರ ಎಲ್ಲವೂ ಇದ್ದುವು. ಹೀಗೆ ಮೂರು ದಶಕಗಳ ಅವಧಿಯಲ್ಲಿ, ಮರ ಮಾರಿ ಬದುಕುತ್ತಿದ್ದ ಊರು ಪರಸ್ಥಳದವರ ಬೇಸಗೆಯನ್ನು ನೆಚ್ಚಿ ಬದುಕುವ ಊರಾಯಿತು. ಒಂಬತ್ತು ತಿಂಗಳು ಕಾದು ಮೂರು ತಿಂಗಳಲ್ಲಿ ಸಂಪಾದಿಸಬೇಕಾದ ಮನೆಯೊಡತಿಯು, ಬಂದ ಇಬ್ಬರು ಗಂಡಸರು ಅಣ್ಣತಮ್ಮಂದಿರೋ, ಸ್ನೇಹಿತರೋ, ಮತ್ತೇನೋ ಎಂದು ಕೆದಕಿ ಕೇಳುವುದು ಅವಳಿಗೇ ನಷ್ಟ. ಬಾಡಿಗೆ ಕೊಟ್ಟರೆ ಸಾಕು, ಗಲಾಟೆ ಮಾಡದಿದ್ದರೆ ಸಂತೋಷ. ಈ ಕೇಳದಿರುವಿಕೆಯನ್ನು ಔದಾರ್ಯವೆಂದು ಹೊಗಳುವುದು ಅತಿಯಾದೀತು. ಆದರೆ ಕೇಳುವವರೇ ತುಂಬಿದ್ದ ದೇಶದಲ್ಲಿ ಇದೂ ಸಣ್ಣ ಲಾಭವಾಗಿರಲಿಲ್ಲ.

ಇದಕ್ಕೆ ಒಂದು ಕಲಾಶಾಲೆಯ ನಂಟು ಸೇರಿತು. ೧೯೦೬ರಲ್ಲಿ ನದಿಗೆ ಹೊಸ ಮುಖವನ್ನು ತೋಡಿದಾಗ, ಹಳೆಯ ಹರಿವಿನ ಒಂದು ತಿರುವು ಹಿಂದೆ ಉಳಿದು ನಿಶ್ಚಲವಾದ ಕೊಳವಾಯಿತು. ಆ ಕೊಳದ ದಡದಲ್ಲಿ ೧೯೧೦ರಲ್ಲಿ ಫ್ರೆಡರಿಕ್ ಫರ್ಸ್‌ಮನ್, ವಾಲ್ಟರ್ ಕ್ಲೂಟ್ ಎಂಬ ಇಬ್ಬರು ಚಿತ್ರಕಾರರು ಬೇಸಗೆಯ ಚಿತ್ರಶಾಲೆಯೊಂದನ್ನು ತೆರೆದರು. ಆಕ್ಸ್-ಬೋ ಎಂಬ ಹೆಸರಿನ ಈ ಶಾಲೆಗೆ ಷಿಕಾಗೋ ನಗರದ ಕಲಾಸಂಸ್ಥೆಯೊಡನೆ ನಿಕಟವಾದ ಸಂಬಂಧವಿದೆ. ನೂರು ವರ್ಷಗಳು ದಾಟಿದ ಮೇಲೂ ಅದು ನಡೆಯುತ್ತ ಬಂದಿದೆ. ಕಲೆಗಾರರ ಗುಂಪು ಎಲ್ಲಿ ಬೀಡುಬಿಟ್ಟರೂ ಊರಿನವರ ಕಣ್ಣಿಗೆ ಕೊಂಚ ವಿಲಕ್ಷಣವಾಗಿಯೇ ತೋರುವುದು ಸಹಜ. ಬಿಸಿಲಿನಲ್ಲಿ ಕೊಡೆ ನೆಟ್ಟು ಹಲಗೆಯ ಮುಂದೆ ಕುಳಿತ ಹೆಂಗಸರು, ಬರಿಗಾಲಿನಲ್ಲಿ ಅಂಗಡಿಗೆ ಬರುವ ಗಂಡಸರು, ಒಂದೇ ಗುಡಿಸಲನ್ನು ಹಂಚಿಕೊಂಡ ಗೆಳತಿಯರು ಇವರೆಲ್ಲ ಇಲ್ಲಿ ವರ್ಷವರ್ಷವೂ ಕಾಣುವ ನೋಟವಾದರು. “ಕಲೆಗಾರರು” ಎಂಬ ಒಂದು ಮಾತಿನ ಮರೆಯಲ್ಲಿ ಎಷ್ಟೋ ಬಗೆಯ ಬಾಳುವೆಗಳು ಸಮಾಧಾನದಿಂದ ಇರುವಂತಾಯಿತು.

ಆ ಮರೆ ಏಕೆ ಬೇಕಾಗಿತ್ತೆಂಬುದನ್ನು ತಿಳಿಯಲು ಸರೋವರದ ಆಚೆ ದಡಕ್ಕೆ ಹೋಗಬೇಕು. ಷಿಕಾಗೋ ನಗರದಲ್ಲಿ ಹೆನ್ರಿ ಗರ್ಬರ್ ಎಂಬ ಅಂಚೆ ಕಚೇರಿಯ ನೌಕರನು ೧೯೨೪ರ ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ಸಂಘವೆಂಬುದನ್ನು ಕ್ರಮಬದ್ಧವಾಗಿ ನೋಂದಾಯಿಸಿದನು. ಸಲಿಂಗಾನುರಾಗಿಗಳ ಪರವಾಗಿ ಅಮೆರಿಕದಲ್ಲಿ ಹೀಗೆ ನೋಂದಾವಣೆಯಾದ ಸಂಘಗಳಲ್ಲಿ ಇದೇ ಮೊದಲನೆಯದೆಂದು ಹೇಳುವರು. ಒಂದು ಸಣ್ಣ ಪತ್ರಿಕೆಯ ಎರಡು ಸಂಚಿಕೆಗಳು ಹೊರಬಂದುವು. ಮರುವರ್ಷವೇ ಪೊಲೀಸರು ಆತನನ್ನು ಹಿಡಿದರು. ಮೊಕದ್ದಮೆ ಬಿದ್ದುಹೋಯಿತಾದರೂ ಅವನ ನೌಕರಿ ಹೋಯಿತು, ಕೂಡಿಟ್ಟ ಹಣ ಹೋಯಿತು, ಸಂಘವೂ ಹೋಯಿತು. ಆತನು ವಾಸವಾಗಿದ್ದ ಮನೆಯನ್ನು ೨೦೧೫ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಾನವೆಂದು ಸಾರಿದರು. ಗರ್ಬರನು ಅದನ್ನು ಕಾಣಲು ಇರಲಿಲ್ಲ.

ಇಂಥ ನಗರದಿಂದ ಹಡಗು ಹತ್ತಿ ಬಂದವರು ಸಾಗಟಕ್ಕಿನಲ್ಲಿ ಕಾನೂನಿನ ಕೈಯಿಂದ ತಪ್ಪಿಸಿಕೊಂಡರೆಂದು ತಿಳಿಯಬಾರದು. ಮಿಷಿಗನ್ ಸಂಸ್ಥಾನದ ೧೯೩೧ರ ದಂಡಸಂಹಿತೆಯ ಪ್ರಕಾರ ಇಂತಹ ಸಂಬಂಧಕ್ಕೆ ಹದಿನೈದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಅದೇ ದಶಕದಲ್ಲಿ ಈ ಸಂಸ್ಥಾನವು, ವಿಕೃತಕಾಮಿಗಳೆಂದು ನಿರ್ಣಯಿಸಲ್ಪಟ್ಟವರನ್ನು ಕಾಲಮಿತಿಯಿಲ್ಲದೆ ಆಸ್ಪತ್ರೆಯಲ್ಲಿ ಕೂಡಿಹಾಕುವ ಕಾಯಿದೆಯನ್ನೂ ಮಾಡಿತು. ಆ ಮಾದರಿಯ ಕಾಯಿದೆಗಳಲ್ಲಿ ಮಿಷಿಗನ್ನಿನದೇ ಅಮೆರಿಕದಲ್ಲಿ ಮೊದಲನೆಯದು. ಹಾಗಿದ್ದರೂ ಜನ ಬಂದರು. ಕಾನೂನು ಎರಡೂ ದಡಗಳಲ್ಲಿ ಒಂದೇ ಆಗಿದ್ದರೂ, ಗುರುತು ಹಿಡಿಯುವ ಮೇಲಧಿಕಾರಿಯೂ ಪಕ್ಕದ ಮನೆಯವನೂ ಆಚೆ ದಡದಲ್ಲಿಯೇ ಉಳಿಯುತ್ತಿದ್ದರಷ್ಟೆ.

ಚರಿತ್ರಕಾರನ ಕಷ್ಟವೂ ಇಲ್ಲಿಯೇ ಇದೆ. ಹಲಗೆ ಎಷ್ಟು ಹೋಯಿತು, ಹಡಗು ಎಷ್ಟು ಬಂದಿತು ಎಂಬುದಕ್ಕೆ ಲೆಕ್ಕದ ಪುಸ್ತಕಗಳುಂಟು. ಆದರೆ ಕಾಗದ ಬರೆದರೆ ಅಪಾಯ, ಬಂದ ಕಾಗದ ಇಟ್ಟುಕೊಂಡರೆ ಅಪಾಯ ಎಂದು ಬಾಳಿದವರ ಚರಿತ್ರೆಗೆ ಎಂತಹ ದಾಖಲೆ ಸಿಕ್ಕೀತು? ಸತ್ತ ಮೇಲೆ ಬಂಧುಗಳು ಪೆಟ್ಟಿಗೆಯನ್ನು ತೆರೆದು ಸುಟ್ಟುದೆಷ್ಟೋ, ಬದುಕಿರುವಾಗ ತಾವೇ ಸುಟ್ಟುದೆಷ್ಟೋ. ಒಂದು ಮನೆಯನ್ನು ಇಬ್ಬರ ಹೆಸರಿನಲ್ಲಿ ಕೊಂಡ ಕ್ರಯಪತ್ರ, ಬೆನ್ನಿನ ಮೇಲೆ ಹೆಸರಿಲ್ಲದ ಛಾಯಾಚಿತ್ರ, ಮುದುಕರ ಬಾಯಿಮಾತು ಇಷ್ಟನ್ನೇ ಆಧಾರವಾಗಿ ಇಟ್ಟುಕೊಂಡು ಹೊರಡಬೇಕು. ಹೆಸರು ಉಳಿದವರಲ್ಲಿ ಒಬ್ಬನು ಬರ್ ಟಿಲ್‌ಸ್ಟ್ರಾಮ್. ೧೯೪೭ರಿಂದ ೧೯೫೭ರವರೆಗೆ “ಕುಕ್ಲಾ, ಫ್ರಾನ್ ಅಂಡ್ ಆಲಿ” ಎಂಬ ದೂರದರ್ಶನದ ಆಟದಲ್ಲಿ ಕೈಬೊಂಬೆಗಳನ್ನು ಆಡಿಸಿ ಅಮೆರಿಕದ ಮಕ್ಕಳನ್ನೂ ಮುದುಕರನ್ನೂ ಒಂದೇ ಸಮನಾಗಿ ನಗಿಸಿದ ಷಿಕಾಗೋ ನಗರದ ಈ ಕಲಾವಿದನಿಗೆ ಸಾಗಟಕ್ಕಿನಲ್ಲಿ ಮನೆಯಿತ್ತು. ಆತನು ೧೯೮೫ರಲ್ಲಿ ತೀರಿಕೊಂಡನು. ಸಲಿಂಗಾನುರಾಗಿಗಳಲ್ಲಿ ಗಣ್ಯರಾದವರ ಪಟ್ಟಿಗೆ ಷಿಕಾಗೋ ನಗರದವರು ಆತನ ಹೆಸರನ್ನು ಸೇರಿಸಿದುದು ೨೦೧೩ರಲ್ಲಿ. ಬೊಂಬೆಯ ಹಿಂದೆ ಮರೆಯಾಗಿ ನಿಲ್ಲುವುದು ಆ ಕಲೆಯ ಕಟ್ಟಳೆ. ಆ ಕಾಲದ ಬಾಳಿನ ಕಟ್ಟಳೆಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಸಾಗಟಕ್ಕಿನ ವಿಶೇಷವನ್ನು ಅರಿಯಲು ಅದೇ ಸಂಸ್ಥಾನದ ಇನ್ನೆರಡು ವಿಹಾರಸ್ಥಳಗಳನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ದಕ್ಷಿಣಕ್ಕೆ ಮೂವತ್ತು ಕಿಲೋಮೀಟರುಗಳ ಸುಮಾರಿನಲ್ಲಿರುವ ಸೌತ್ ಹೇವನ್ ಎಂಬಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೆಹೂದ್ಯರ ವಸತಿಗೃಹಗಳು ಹತ್ತಾರು ಇದ್ದುವು. ಬೇರೆ ಕಡೆಯ ಹೋಟೆಲುಗಳು ಯೆಹೂದ್ಯರಿಗೆ ಪ್ರವೇಶವಿಲ್ಲವೆಂದು ಜಾಹೀರಾತಿನಲ್ಲಿಯೇ ಅಚ್ಚುಹಾಕಿಸುತ್ತಿದ್ದ ಕಾಲವದು. ಉತ್ತರದ ಕಾಡಿನಲ್ಲಿ ಇನ್ನೊಂದು ಕೆರೆಯ ಸುತ್ತ ೧೯೧೨ರಲ್ಲಿ ಐಡಲ್‌ವೈಲ್ಡ್ ಎಂಬ ಊರು ಹುಟ್ಟಿತು. ಇದು ನೀಗ್ರೋ ಜನಾಂಗದವರಿಗೆ, ಎಂದರೆ ಇಂದು ಆಫ್ರಿಕನ್ ಅಮೆರಿಕನ್ನರೆನಿಸುವವರಿಗೆ, ನೆಲ ಕೊಂಡು ಮನೆ ಕಟ್ಟಿ ಈಜಿ ಕುಣಿದು ಕಾಲ ಕಳೆಯಲು ದೊರೆತ ಅಪರೂಪದ ಸ್ಥಳ. ಹೃದಯದ ಶಸ್ತ್ರಚಿಕಿತ್ಸೆಗೆ ಹೆಸರಾದ ಡಾಕ್ಟರ್ ಡೇನಿಯಲ್ ಹೇಲ್ ವಿಲಿಯಮ್ಸ್ ಅಲ್ಲಿ ಮನೆಮಾಡಿಕೊಂಡಿದ್ದು ೧೯೩೧ರಲ್ಲಿ ಅಲ್ಲಿಯೇ ದೇಹಬಿಟ್ಟನು. ಮೈಬಣ್ಣವನ್ನು ಮುಚ್ಚಿಡಲಾಗದು, ಆದುದರಿಂದ ಅವರು ತಮ್ಮದೇ ಊರನ್ನು ಬಹಿರಂಗವಾಗಿ ಕಟ್ಟಬೇಕಾಯಿತು. ಸಾಗಟಕ್ಕಿಗೆ ಬಂದವರು ಮುಚ್ಚಿಡಬಲ್ಲವರಾಗಿದ್ದರು. ಬೇರೆಯವರ ಊರಿನಲ್ಲಿಯೇ ಬೇರೆಯವರ ನಡುವೆ ಸೇರಿಕೊಂಡರು. ಮುಚ್ಚಿಡುವ ಅನುಕೂಲಕ್ಕೆ ತೆತ್ತ ಬೆಲೆಯೆಂದರೆ, ಐಡಲ್‌ವೈಲ್ಡಿನವರು ತಮ್ಮ ಮಕ್ಕಳನ್ನು ಮುಂದಿಟ್ಟುಕೊಂಡು ತೆಗೆಸಿದ ಚಿತ್ರಗಳಂತಹವು ಇವರಲ್ಲಿ ಇಲ್ಲ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಸಾಗಟಕ್ಕಿನ ಬಾಗಿಲು ತೆರೆದಿದ್ದುದು ಬಹುತೇಕ ಬಿಳಿಯರಿಗೆ, ಅದರಲ್ಲಿಯೂ ಬಾಡಿಗೆ ತೆರಬಲ್ಲವರಿಗೆ.

೧೯೬೦ರ ಮೇ ೬ರಂದು ದೊಡ್ಡ ನೃತ್ಯಶಾಲೆಯು ಬೆಂಕಿಗೆ ಆಹುತಿಯಾಯಿತು. ಹಡಗುಗಳ ಕಾಲ ಅದಕ್ಕೆ ಮುಂಚೆಯೇ ಮುಗಿದಿತ್ತು. ಮೋಟಾರು ರಸ್ತೆಯಿಂದ ಬರುವ ಜನ ಬೇರೆ ಬಗೆಯವರಾಗಿದ್ದರು. ಆ ದಶಕದಲ್ಲಿಯೂ ಮುಂದಿನ ದಶಕದಲ್ಲಿಯೂ ಬ್ಲೂ ಟೆಂಪೊ ಎಂಬ ಪಾನಗೃಹವು ಸಲಿಂಗಾನುರಾಗಿಗಳು ಸೇರುವ ಎಡೆಯಾಗಿ ಹೆಸರುಪಡೆಯಿತು. ಸರೋವರದ ದಂಡೆಯಲ್ಲಿ ಓವಲ್ ಬೀಚ್ ಎಂಬ ಊರೊಟ್ಟಿನ ಸ್ನಾನಸ್ಥಳದಿಂದ ಉತ್ತರಕ್ಕೆ, ಖಾಸಗಿ ಭೂಮಿಗೆ ಸೇರಿದ ಮರಳಿನ ಮೇಲೆ ನಡೆದುಹೋದರೆ, ಅಲ್ಲಿ ಅವರದೇ ಗುಂಪು. ಸೂಚನೆಯ ಹಲಗೆಯಾವುದೂ ಇರಲಿಲ್ಲ. ತಿಳಿದವರಿಂದ ತಿಳಿಯದವರಿಗೆ ಮಾತು ಹೋಗುತ್ತಿತ್ತು.

ಈ ಹೊತ್ತಿಗೆ ಕಾನೂನಿನಲ್ಲಿ ಒಂದು ವಿಚಿತ್ರವಾದ ತಿರುವು ಬಂದಿತು. ಷಿಕಾಗೋ ನಗರವಿರುವ ಇಲಿನಾಯ್ ಸಂಸ್ಥಾನವು ೧೯೬೧ರಲ್ಲಿ ತನ್ನ ದಂಡಸಂಹಿತೆಯನ್ನು ಪರಿಷ್ಕರಿಸಿ, ವಯಸ್ಕರು ಒಪ್ಪಿ ಏಕಾಂತದಲ್ಲಿ ನಡೆಸುವ ಸಂಬಂಧವು ಅಪರಾಧವಲ್ಲವೆಂದಿತು. ಅಮೆರಿಕದ ಸಂಸ್ಥಾನಗಳಲ್ಲಿ ಹೀಗೆ ಮಾಡಿದ ಮೊದಲನೆಯದು ಅದೇ. ೧೯೬೨ರ ಆರಂಭದಲ್ಲಿ ಅದು ಜಾರಿಗೆ ಬಂದಿತು. ಮಿಷಿಗನ್ನಿನ ಕಾನೂನು ಮಾತ್ರ ಹಾಗೆಯೇ ಉಳಿಯಿತು. ಇದರ ಫಲವಾಗಿ, ಶುಕ್ರವಾರ ಸಂಜೆ ಷಿಕಾಗೋ ನಗರದಲ್ಲಿ ಮೋಟಾರು ಹತ್ತಿದ ಇಬ್ಬರು ತಮ್ಮ ಮನೆಯಲ್ಲಿ ನಿರಪರಾಧಿಗಳು, ವಿಹಾರಸ್ಥಳದಲ್ಲಿ ಅಪರಾಧಿಗಳು. ೨೦೦೩ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಟೆಕ್ಸಾಸಿನ ಮೊಕದ್ದಮೆಯೊಂದರಲ್ಲಿ ಇಂತಹ ಕಾನೂನುಗಳೆಲ್ಲವನ್ನೂ ನಿರರ್ಥಕಗೊಳಿಸುವವರೆಗೆ, ನಲವತ್ತೊಂದು ವರ್ಷಗಳ ಕಾಲ ಈ ಸ್ಥಿತಿಯಿತ್ತು. ಆ ನಲವತ್ತೊಂದು ವರ್ಷಗಳೇ ಸಾಗಟಕ್ಕಿನ ಖ್ಯಾತಿಯು ಬೆಳೆದ ವರ್ಷಗಳು. ಅಷ್ಟು ಜನರು ಕಾನೂನು ಕಾಯುವ ದಡವನ್ನು ಬಿಟ್ಟು ಕಾನೂನು ಕಾಯದ ದಡಕ್ಕೆ ಹೋದರೆಂದರೆ, ಸುರಕ್ಷಿತತೆಯು ಕಾಯಿದೆಯ ಪುಸ್ತಕದಲ್ಲಿ ಎಷ್ಟಿರುತ್ತದೆ, ಬೀದಿಯಲ್ಲಿ ಎಷ್ಟಿರುತ್ತದೆ ಎಂಬ ಲೆಕ್ಕವನ್ನು ಅವರು ಚೆನ್ನಾಗಿ ಹಾಕಿದ್ದರೆಂದು ತೋರುವುದು.

೧೯೮೧ನೆಯ ವರ್ಷವು ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ನೆನಪಿಡತಕ್ಕದ್ದು. ಆ ವರ್ಷ ಡಗ್ಲಸ್ಸಿನ ಹೆದ್ದಾರಿಯ ಪಕ್ಕದಲ್ಲಿ ಡ್ಯೂನ್ಸ್ ಎಂಬ ವಿಹಾರಗೃಹವು ತೆರೆಯಿತು. ಸಲಿಂಗಾನುರಾಗಿಗಳಿಗಾಗಿಯೇ ಇರುವುದೆಂದು ಅದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿತು. ಕೋಣೆಗಳು, ಈಜುಕೊಳ, ನೃತ್ಯಶಾಲೆ ಎಲ್ಲವೂ ಅಲ್ಲಿದ್ದುವು. ಅರ್ಧ ಶತಮಾನದ ಗುಟ್ಟು ರಸ್ತೆಯ ಬದಿಗೆ ಬಂದು ನಿಂತಂತಾಯಿತು. ಅದೇ ವರ್ಷ ಜೂನ್ ೫ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ಲಾಸ್ ಏಂಜಲಿಸಿನ ಐವರು ಯುವಕರಿಗೆ ತಗುಲಿದ ಅಪರೂಪದ ನ್ಯುಮೋನಿಯಾ ರೋಗದ ವಿಷಯವಾಗಿ ಸಣ್ಣ ವರದಿಯೊಂದನ್ನು ಪ್ರಕಟಿಸಿತು. ಅದು ಮುಂದೆ ಏಡ್ಸ್ ಎಂದು ಹೆಸರಾದ ವ್ಯಾಧಿಯ ಮೊದಲ ಸುದ್ದಿ. ಮುಂದಿನ ಹದಿನೈದು ವರ್ಷಗಳಲ್ಲಿ ಆ ವ್ಯಾಧಿಯು ಇಂತಹ ವಿಹಾರಸ್ಥಳಗಳಿಗೆ ಬರುತ್ತಿದ್ದ ಒಂದು ಪೀಳಿಗೆಯನ್ನೇ ಕೊರೆಯಿತು. ಮುಟ್ಟಿದರೆ, ಒಂದೇ ಕೊಳದಲ್ಲಿ ಈಜಿದರೆ ಅಂಟುವುದೆಂಬ ಭಯ ದೇಶದಲ್ಲೆಲ್ಲ ಹಬ್ಬಿದ್ದಾಗ, ಬಾಗಿಲು ತೆರೆದಿಟ್ಟುಕೊಂಡಿದ್ದ ಊರು ಎಂಬುದರ ಅರ್ಥ ಮೊದಲಿಗಿಂತ ಹೆಚ್ಚಾಯಿತು.

ಅತಿಥಿಗಳಾಗಿ ಬಂದವರಲ್ಲಿ ಕೆಲವರು ಮನೆ ಕೊಂಡರು. ಈ ಚರಿತ್ರೆಯ ತಿರುಳು ಇಲ್ಲಿಯೇ ಇರುವಂತೆ ಕಾಣುವುದು. ಹಳೆಯ ಮನೆಗಳನ್ನು ಕೊಂಡು ಸರಿಪಡಿಸಿ ವಸತಿಗೃಹಗಳನ್ನೂ ಚಿತ್ರಶಾಲೆಗಳನ್ನೂ ಅಂಗಡಿಗಳನ್ನೂ ನಡೆಸಿದರು, ತೆರಿಗೆ ಕಟ್ಟಿದರು, ಚರಂಡಿಯ ವಿಷಯದಲ್ಲಿ ಪುರಸಭೆಯೊಡನೆ ಜಗಳವಾಡಿದರು. ಕೋಣೆ ಬಾಡಿಗೆ ಹಿಡಿದವನನ್ನು ಸಹಿಸುವುದು ಒಂದು, ಪಕ್ಕದ ಮನೆಯವನಾಗಿ ಬೇಲಿಯ ಮೇಲಿಂದ ಮಾತನಾಡಿಸುವುದು ಇನ್ನೊಂದು. ಮೊದಲನೆಯದು ವ್ಯಾಪಾರದಿಂದ ಬಂದಿತು. ಎರಡನೆಯದು ಬರಲು ಮೂರು ತಲೆಮಾರುಗಳು ಬೇಕಾದುವು.

ಸಂಸ್ಥಾನದಲ್ಲಿ ಗಾಳಿ ಬೇರೆಯೇ ಬೀಸುತ್ತಿತ್ತು. ೨೦೦೪ರಲ್ಲಿ ಮಿಷಿಗನ್ನಿನ ಮತದಾರರು ನೂರಕ್ಕೆ ಸುಮಾರು ಐವತ್ತೊಂಬತ್ತರಷ್ಟು ಮತಗಳಿಂದ, ವಿವಾಹವೆಂಬುದು ಗಂಡು ಹೆಣ್ಣುಗಳ ನಡುವೆ ಮಾತ್ರವೆಂದು ರಾಜ್ಯಾಂಗಕ್ಕೇ ತಿದ್ದುಪಡಿ ಮಾಡಿದರು. ೨೦೧೧ರಲ್ಲಿ ನೆರೆಯ ಹಾಲೆಂಡ್ ಪಟ್ಟಣದ ಪುರಸಭೆಯ ಮುಂದೆ, ಮನೆ ಬಾಡಿಗೆ ಕೊಡುವಾಗಲೂ ಕೆಲಸ ಕೊಡುವಾಗಲೂ ಸಲಿಂಗಾನುರಾಗಿಗಳಿಗೆ ಭೇದ ಮಾಡಕೂಡದೆಂಬ ನಿಯಮ ಬಂದಿತು. ಅದು ನಾಲ್ಕಕ್ಕೆ ಐದು ಮತಗಳಿಂದ ಬಿದ್ದುಹೋಯಿತು. ಆಗ ಹಾಲೆಂಡಿನಲ್ಲಿ ಕೆಲಸ ಮಾಡಿ ಸಾಗಟಕ್ಕಿನಲ್ಲಿ ವಾಸಿಸುವವನೊಬ್ಬನಿದ್ದರೆ, ದಿನವೂ ಅರ್ಧ ಗಂಟೆಯ ಪ್ರಯಾಣದಲ್ಲಿ ಅವನ ಮರ್ಯಾದೆ ಏರಿಳಿಯುತ್ತಿತ್ತೆನ್ನಬೇಕು. ೨೦೧೫ರ ಜೂನ್ ೨೬ರಂದು ಶ್ರೇಷ್ಠ ನ್ಯಾಯಾಲಯವು ಸಲಿಂಗ ವಿವಾಹವನ್ನು ದೇಶಾದ್ಯಂತ ಮಾನ್ಯಮಾಡಿತು. ಆ ತೀರ್ಪಿನಲ್ಲಿ ಕೂಡಿದ್ದ ಮೊಕದ್ದಮೆಗಳಲ್ಲಿ ಒಂದು ಮಿಷಿಗನ್ನಿನಿಂದಲೇ ಹೋದುದು. ಹಾಲೆಂಡ್ ಪುರಸಭೆಯು ೨೦೨೦ರಲ್ಲಿ ಅದೇ ನಿಯಮವನ್ನು ಅಂಗೀಕರಿಸಿತು. ೨೦೨೩ರಲ್ಲಿ ಸಂಸ್ಥಾನದ ಹಕ್ಕುಗಳ ಕಾಯಿದೆಗೇ ಈ ರಕ್ಷಣೆ ಸೇರಿತು.

ಇನ್ನು ಒಂದು ಪ್ರಶ್ನೆ ಉಳಿಯುವುದು. ಐಡಲ್‌ವೈಲ್ಡಿಗೆ ಆದುದೇನೆಂದರೆ, ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯಿಂದ ದೇಶದ ಹೋಟೆಲುಗಳೆಲ್ಲ ತೆರೆದುಕೊಂಡಾಗ, ಅಲ್ಲಿಗೇ ಹೋಗಬೇಕೆಂಬ ನಿರ್ಬಂಧ ತಪ್ಪಿ, ಸಹಸ್ರಾರು ಜನರಿಂದ ತುಂಬುತ್ತಿದ್ದ ಕೆರೆಯ ದಂಡೆ ಬರಿದಾಯಿತು. ಸೌತ್ ಹೇವನ್ನಿನ ಯೆಹೂದ್ಯ ವಸತಿಗೃಹಗಳೂ ಒಂದೊಂದಾಗಿ ಮುಚ್ಚಿದುವು. ಎಲ್ಲ ಕಡೆಯೂ ಬಾಗಿಲು ತೆರೆದ ಮೇಲೆ ಮೊದಲು ತೆರೆದ ಬಾಗಿಲನ್ನು ಯಾರು ಹುಡುಕಿಕೊಂಡು ಬರುವರು? ಸಾಗಟಕ್ಕಿಗೆ ಆ ಗತಿ ಬರಲಿಲ್ಲ. ಅಲ್ಲಿಗೆ ಈಗ ಬೇಸಗೆಯಲ್ಲಿ ಎಲ್ಲ ಬಗೆಯ ಸಂಸಾರಗಳೂ ಬರುತ್ತವೆ. ಊರಿನಿಂದ ನದಿಯನ್ನು ದಾಟಿ ಮರಳುದಿಣ್ಣೆಯ ಕಡೆಗೆ ಹೋಗಲು, ಕೈಯಿಂದ ತಿರುಗಿಸುವ ಸರಪಣಿಯ ದೋಣಿಯೊಂದಿದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿ ಹೀಗೆಯೇ ದಾಟುವುದು ರೂಢಿ. ದೋಣಿ ಇಳಿದು ಸ್ವಲ್ಪ ನಡೆದರೆ, ದಿಣ್ಣೆಯ ಬುಡದಲ್ಲಿ ಊರಿಗೆ ನೀರೆತ್ತುತ್ತಿದ್ದ ಹಳೆಯ ಯಂತ್ರಾಲಯದಲ್ಲಿ ಸ್ಥಳೀಯ ಚರಿತ್ರೆಯ ವಸ್ತುಸಂಗ್ರಹಾಲಯವನ್ನು ಇಟ್ಟಿದ್ದಾರೆ. ಅಲ್ಲಿಂದ ಮೇಲಕ್ಕೆ ಮುನ್ನೂರರಷ್ಟು ಮೆಟ್ಟಿಲುಗಳು. ತುದಿಯಲ್ಲಿ ನಿಂತರೆ ಒಂದು ಕಡೆಗೆ ಸರೋವರ, ಇನ್ನೊಂದು ಕಡೆಗೆ ಊರು. ಅಕ್ಟೋಬರು ಕಳೆದು ಹಿಮದ ಗಾಳಿ ಎದ್ದ ಮೇಲೆ ಅಂಗಡಿಗಳಲ್ಲಿ ಬಹಳಷ್ಟು ಮುಚ್ಚಿ, ಅತಿಥಿಗಳೆಲ್ಲ ಹೊರಟುಹೋಗುತ್ತಾರೆ. ಆ ಚಳಿಯಲ್ಲಿಯೂ ಉಳಿದು ಒಲೆಗೆ ಸೌದೆ ಒಟ್ಟುವ ಮನೆಗಳಲ್ಲಿ, ಒಂದು ಕಾಲಕ್ಕೆ ಎರಡು ದಿನಗಳ ಮಟ್ಟಿಗೆಂದು ಬಂದವರ ಮನೆಗಳೂ ಉಂಟು.